ಶರೀಫಜ್ಜನ ಪದವೂ ಗಿಟಾರಿನ ಧಾಟಿಯೂ

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ತಂಡದ ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 2008ರಲ್ಲಿ. ಅದರ ಎಂಟು ಹಾಡುಗಳ ಪೈಕಿ ಎರಡು ಶಿಶುನಾಳ ಶರೀಫರವು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’. ನಮ್ಮ ಕಡೆಯವರಿಗೆ ಮಾತ್ರ ಅವರ ಪರಿಚಯವಾದದ್ದು ಅದೇ ವರ್ಷದ ‘ಸೈಕೋ’ ಚಿತ್ರದ ಮಹದೇಶ್ವರನ ಹಾಡಿನಿಂದ. ಪಾಂಡವಪುರ, ಶ್ರೀರಂಗಪಟ್ಟಣಗಳ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಆ ಹಾಡಿಲ್ಲದೆ ಜನ ಏಳುತ್ತಿರಲಿಲ್ಲ.

ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿಕೊಳ್ಳುವ ಇಂತಹ ತಂಡಗಳನ್ನು ಬ್ರಿಟನ್ನಿನಲ್ಲಿ ‘ಇಂಡಿ’ ಎನ್ನುತ್ತಾರೆ. ಆ ನಾಡಿನವರೇ ನಮ್ಮ ದೀಕ್ಷಿತರನ್ನು 2010ರಲ್ಲಿ ಬಿಬಿಸಿ ದೂರದರ್ಶನಕ್ಕೂ 2011ರಲ್ಲಿ ಗ್ಲಾಸ್ಟನ್‌ಬರಿಯ ಬೃಹತ್ ಸಂಗೀತೋತ್ಸವಕ್ಕೂ ಕರೆಸಿಕೊಂಡರು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ವೇಷದಲ್ಲಿ ಅವರೇನೂ ರಾಜಿ ಮಾಡಿಕೊಳ್ಳಲಿಲ್ಲ.

ಗಿಟಾರು ಸೇರಿ ತತ್ವಪದ ಕೆಟ್ಟಿತೆಂದು ಕೊರಗುವ ಹಿರಿಯರುಂಟು. ನನಗೆ ಹಾಗನ್ನಿಸಿಲ್ಲ. ಒಬ್ಬ ಪಲ್ಲವಿ ಎತ್ತಿಕೊಡುವುದು, ಕುಳಿತವರೆಲ್ಲ ಅದನ್ನು ಹಿಡಿಯುವುದು ತತ್ವಪದದ ಜಾಯಮಾನ. ರಾಕ್ ಸಂಗೀತದ ಮೈದಾನದಲ್ಲಿ ನಡೆಯುವುದೂ ಅದೇ. ಡ್ರಮ್ಮಿನ ಅಬ್ಬರದಲ್ಲಿ ಮಾತು ಮುಳುಗುತ್ತದೆಂಬುದಷ್ಟೇ ನನ್ನ ತಕರಾರು. ಸೋರುವ ಮನೆ ನಮ್ಮ ದೇಹವೇ, ಮನಸ್ಸೇ ಎಂಬುದು ಕಿವಿಗೆ ಬೀಳದಿದ್ದರೆ ಶರೀಫರು ಹಾಡಿದ್ದಕ್ಕೆ ಅರ್ಥವೇನು?

ಈ ವಿಚಾರ ಮತ್ತೆ ತಲೆಗೆ ಹತ್ತಿದ್ದು ಹಳೆಯ ಶಿಷ್ಯನೊಬ್ಬನ ದೂರವಾಣಿಯಿಂದ. ನಾಗಮಂಗಲ ತಾಲ್ಲೂಕಿನವನು, ಈಗ ಇಂಗ್ಲೆಂಡಿನಲ್ಲಿದ್ದಾನೆ. ಅವನ ತಂದೆ ಊರ ಭಜನೆ ಮನೆಯಲ್ಲಿ ಏಕತಾರಿ ಹಿಡಿದು ಹಾಡುತ್ತಿದ್ದರು. ಅವರು ತೀರಿ ಇಪ್ಪತ್ತು ವರ್ಷವಾಯಿತು. ಹನ್ನೆರಡರ ಮಗಳು ಈ ಹಾಡನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದಾಳಂತೆ. ಕನ್ನಡ ಓದಲು ಬಾರದ ಹುಡುಗಿ! “ಮಾಳಿಗಿ ಅಂದ್ರೇನು ಅಂತ ಕೇಳ್ತಾಳೆ ಸಾರ್, ನೀವೇ ಹೇಳಿ” ಎಂದು ಫೋನನ್ನು ಅವಳಿಗೆ ಕೊಟ್ಟ. ಮಣ್ಣಿನ ಮಾಳಿಗೆ, ಅದರ ಕೆಳಗಿನ ತೊಲೆ, ಮಳೆಗಾಲದಲ್ಲಿ ತೊಟ್ಟಿಕ್ಕುವಲ್ಲೆಲ್ಲ ಪಾತ್ರೆ ಇಡುತ್ತಿದ್ದದ್ದು, ಎಲ್ಲವನ್ನೂ ಹೇಳಿದೆ. ನಡುನಡುವೆ ಅವನು ಇಂಗ್ಲಿಷಿಗೆ ತಿರುಗಿಸಿದ.

ಅವಳು ಆಟಕ್ಕೆ ಹೋದ ಮೇಲೆ ಅವನ ದನಿ ಬದಲಾಯಿತು. “ಸಾರ್, ನಮ್ಮಪ್ಪ ಇದನ್ನು ಹಿಂಗೆ ಹಾಡ್ತಿರಲಿಲ್ಲ.”

“ಹೆಂಗೆ ಹಾಡ್ತಿದ್ದರಪ್ಪ? ಎತ್ತು ನೋಡೋಣ” ಎಂದೆ.

ಎತ್ತಿದ. ನಿಧಾನವಾದ, ಎಳೆದೆಳೆದು ಹೋಗುವ ಧಾಟಿ; ಅಶ್ವತ್ಥರದೂ ಅಲ್ಲ, ದೀಕ್ಷಿತರದೂ ಅಲ್ಲ. ಪಲ್ಲವಿ ಮುಗಿದು ನುಡಿಗೆ ಬರುವಷ್ಟರಲ್ಲಿ ತನಗರಿವಿಲ್ಲದೆಯೇ ಧ್ವನಿಮುದ್ರಿಕೆಯ ಧಾಟಿಗೆ ಜಾರಿದ. ಮತ್ತೆ ಎತ್ತಿದ, ಮತ್ತೆ ಜಾರಿದ. ತಂದೆಯ ಕಂಠದ ಒಂದು ಕ್ಯಾಸೆಟ್ಟೂ ಉಳಿದಿಲ್ಲ.

ಇದಕ್ಕೆ ರಾಕ್ ತಂಡವನ್ನು ದೂರಿ ಫಲವಿಲ್ಲ. ಸಿ. ಅಶ್ವತ್ಥರ ಕ್ಯಾಸೆಟ್ಟುಗಳು ಮನೆಮನೆಗೆ ಬಂದಾಗಲೇ, 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಾಗಲೇ, ಊರೂರಿನ ಧಾಟಿಗಳು ಹಿಂದೆ ಸರಿಯತೊಡಗಿದ್ದವು. ಜನಪ್ರಿಯ ಹಾಡು ಪದವನ್ನು ಕಾಪಾಡುತ್ತದೆ, ಧಾಟಿಯನ್ನು ನುಂಗುತ್ತದೆ. 1889ರಲ್ಲಿ ತೀರಿಕೊಂಡ ಶರೀಫರ ಮಾತು ಆ ಮಗುವಿನ ಬಾಯಿಗೆ ಬಂದದ್ದು ಗಿಟಾರಿನಿಂದಲೇ. ಅವಳ ತಾತನ ದನಿ ಮಾತ್ರ ಬರಲಿಲ್ಲ.

ನಾಗಮಂಗಲ, ಕೆ.ಆರ್. ಪೇಟೆ ಕಡೆಯ ನನ್ನ ವಿದ್ಯಾರ್ಥಿಗಳಲ್ಲಿ ಕೇಳಿಕೊಳ್ಳುವುದಿಷ್ಟು. ನಿಮ್ಮೂರ ಭಜನೆ ಮನೆಯಲ್ಲಿ ಈ ಪದವನ್ನು ಹಳೆಯ ಧಾಟಿಯಲ್ಲಿ ಹಾಡುವ ಹಿರಿಯರಿದ್ದರೆ, ನಿಮ್ಮ ಮೊಬೈಲಿನಲ್ಲಿ ಹಿಡಿದು ನನಗೆ ಕಳುಹಿಸಿ. ಅವನಿಗೆ ಪಲ್ಲವಿ ಇದೆ, ನುಡಿಗಳು ಬೇಕಾಗಿವೆ.