ಅವ್ವನ ಬುಟ್ಟಿಯ ಮಣ್ಣು

ನಾನು ಕಲಿತದ್ದು ಏಳನೆಯ ಇಯತ್ತೆ. ಹಗಲು ಒಕ್ಕಲತನ, ರಾತ್ರಿ ಡಪ್ಪು ಹಿಡಿದು ಗೀಗೀ ಪದ ಹಾಡೋದು, ಇವೇ ನನ್ನ ಕಸುಬು. ವಾಚನಾಲಯದ ಹುಡುಗರು ಬಂದು, "ಕಾಕಾ, ಬಡವರ ಕೂಲಿ, ಮನಿ, ದವಾಖಾನಿ ಬಗ್ಗೆ ಸರಕಾರ ಏನ ಮಾಡಬೇಕಂತ ನಿಮಗ ಅನಸ್ತದ, ಬರೀರಿ" ಅಂದರು. ಸರಕಾರಕ್ಕೆ ಬುದ್ಧಿ ಹೇಳುವಷ್ಟು ನಾನು ಕಲಿತಿಲ್ಲ. ಆದರೆ ಒಂದು ಕಾಯ್ದೆ ನಮ್ಮ ಮನಿ ಹೊಸ್ತಿಲು ದಾಟಿ ಒಳಗ ಬಂದು ಹೋಗಿದೆ. ಅದರ ಬಗ್ಗೆ ನಾನು ನಾಲ್ಕು ಮಂದಿ ಮುಂದೆ ಒಂದು ತಪ್ಪು ಮಾತು ಆಡಿದೆ. ಅದನ್ನೇ ಬರೀತೀನಿ.

2024ರ ಅಕ್ಟೋಬರ 2ರಂದು ಗ್ರಾಮಸಭಾ ಇತ್ತು. ಹೆಣ್ಣುಮಕ್ಕಳು ಏಳೆಂಟು ಮಂದಿ ಕೂಡಿ ಬಂದು, ಹಮಿ ಕೆಲಸ ತೆರೀರಿ ಅಂತ ಕೇಳಿದರು. ಹಮಿ ಕೆಲಸ ಅಂದರೆ ರೋಜಗಾರ ಹಮಿ, ಉದ್ಯೋಗ ಖಾತ್ರಿ. ದ್ರಾಕ್ಷಿ ಛಾಟಣಿ ಸುಗ್ಗಿ ಅದು. ನಾನು ಎದ್ದು ನಿಂತು, "ಈಗ ಹಮಿ ಕೆಲಸ ತೆರದ್ರ ನಮ್ಮ ತೋಟಕ್ಕ ಆಳು ಯಾರು ಬರತಾರ? ಮಂದೀನ ಕೂತು ತಿನ್ನಾಕ ಕಲಿಸಬ್ಯಾಡ್ರಿ" ಅಂದೆ. ತೋಟದವರು ಚಪ್ಪಾಳೆ ಹೊಡೆದರು. ಹಾಡುವವನಿಗೆ ಚಪ್ಪಾಳೆ ಅಂದರೆ ಗೊತ್ತಲ್ಲ, ಎದಿ ಉಬ್ಬಿತು.

ಆಗ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದಳು. ನನಗಿಂತ ಹಿರಿಯಾಕಿ, ನನ್ನ ತೋಟಕ್ಕೇ ಕೂಲಿಗೆ ಬರುವಾಕಿ, ನಾನು ಅಕ್ಕಾ ಅಂತೀನಿ. "ತಮ್ಮಾ, ನಿಮ್ಮವ್ವ ಕೂತು ತಿಂದಿದ್ಲೇನು? ಆ ತಲಾವಿನ ಒಡ್ಡಿನ ಮ್ಯಾಲ ನಾನೂ ನಿಮ್ಮವ್ವನೂ ಒಂದ ಸಾಲಿನ್ಯಾಗ ಬುಟ್ಟಿ ಹೊತ್ತೇವಿ" ಅಂದಳು. ಸಭಾ ಸುಮ್ಮನಾಯಿತು. ನಾನು ಕುಂತುಬಿಟ್ಟೆ.

ಈಗಿನ ಹುಡುಗರಿಗೆ 1972ರ ಬರ ಗೊತ್ತಿಲ್ಲ. ಆಗ ನನಗೆ ಹದಿಮೂರು ವರ್ಷ, ಏಳನೆಯದು ಪಾಸಾಗಿದ್ದೆ. ಬಾವಿಯ ತಳ ಕಂಡಿತ್ತು. ಅಪ್ಪ ಜೋಡೆತ್ತು ಮಾರಿ ಬಂದ ದಿವಸ ಮನಿಯೊಳಗ ಯಾರೂ ಒಲಿ ಹಚ್ಚಲಿಲ್ಲ. ಸಾಲಿ ಬಿಟ್ಟು ನಾನೂ ಅವ್ವನ ಜೋಡಿ ಬರಗಾಲದ ಕೆಲಸಕ್ಕೆ ಹೋದೆ. ಮೊದಲು ರಸ್ತೆಗೆ ಖಡಿ ಒಡೆಯುವ ಕೆಲಸ, ಆಮೇಲೆ ಪಾಝರ ತಲಾವು, ಅಂದರೆ ನೀರು ಇಂಗಿಸುವ ಕೆರಿ. ಗಂಡಸರು ಅಗಿಯೋದು, ಹೆಂಗಸರು ಬುಟ್ಟಿ ಹೊರೋದು. ಕೆಲಸದ ಮ್ಯಾಲ ಸುಕಡಿ ಹಂಚತಿದ್ದರು. ರೇಶನ್ನಿಗೆ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ಗಂಟಲಾಗ ಇಳೀತಿರಲಿಲ್ಲ. ಆದರೂ ಅದೇ ಉಳಿಸಿತು. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದೊಳಗ ಹೀಗೆ ಸುಮಾರು 50 ಲಕ್ಷ ಜನ ಬರಗಾಲದ ಕೆಲಸದ ಮ್ಯಾಲ ಇದ್ದರು. ಅವರಲ್ಲಿ ನಮ್ಮವ್ವ ಒಬ್ಬಳು, ನಾನೊಬ್ಬ.

ಖಡಿ ಒಡೆಯುವಾಗ ಒಂದು ಚೂರು ಸಿಡಿದು ಅವ್ವನ ಎಡಗಣ್ಣಿಗೆ ಬಡಿಯಿತು. ಸೆರಗು ಕಟ್ಟಿಕೊಂಡು ಸಂಜಿತನಕಾ ದುಡಿದಳು, ಯಾಕಂದರೆ ಎದ್ದು ಹೋದರೆ ಅವತ್ತಿನ ಹಾಜರಿ ಹೋಗತಿತ್ತು. ಮಿರಜಿಗೆ ಕರಕೊಂಡು ಹೋಗೋದರೊಳಗ ವಾರ ಆಗಿತ್ತು. ಆ ಕಣ್ಣು ಮತ್ತೆ ಬರಲಿಲ್ಲ. ಅವ್ವ ಅದರ ಬಗ್ಗೆ ಯಾರನ್ನೂ ಬೈಲಿಲ್ಲ. "ಒಂದ ಕಣ್ಣು ಹೋತು, ನಾಕ ಹೊಟ್ಟಿ ಉಳದ್ವು" ಅಂತಿದ್ದಳು.

ಈ ಖಾತ್ರಿಯ ವಿಚಾರ ದಿಲ್ಲಿಯೊಳಗ ಹುಟ್ಟಿದ್ದಲ್ಲ, ನಮ್ಮ ಸಾಂಗಲಿ ಜಿಲ್ಲೆಯೊಳಗೇ ಹುಟ್ಟಿದ್ದು. ತಾಸಗಾವ ತಾಲೂಕಿನ ವಿಸಾಪುರದಲ್ಲಿ 1965ರ ಸುಮಾರಿಗೆ ವಿ. ಸ. ಪಾಗೆ ಅವರು ಇದರ ಪ್ರಯೋಗ ಮಾಡಿಸಿದರು. ಅವರು ಮುಂಬಯಿಯ ವಿಧಾನ ಪರಿಷತ್ತಿಗೆ 1960ರಿಂದ 1978ರವರೆಗೆ ಸಭಾಪತಿ ಆಗಿದ್ದರು. ಬರ ಬಂದಾಗ ಅದು ರಾಜ್ಯದ ಯೋಜನೆಯಾಯಿತು. 1977ರಲ್ಲಿ ಕಾಯ್ದೆಯಾಗಿ, 1979ರ ಜನವರಿ 26ರಿಂದ ಜಾರಿಗೆ ಬಂತು. ದುಡೀತೀನಿ ಅಂದವನಿಗೆ ಕೆಲಸ ಕೊಡೋದು ಸರಕಾರದ ಕರ್ತವ್ಯ, ಕೇಳೋದು ಅವನ ಹಕ್ಕು. ಇದಕ್ಕೆ ರೊಕ್ಕ ಎಲ್ಲಿಂದ? 1975ರಲ್ಲಿ ವೃತ್ತಿ ತೆರಿಗೆ ಹಾಕಿದರು. ಮುಂಬಯಿ-ಪುಣೆಯೊಳಗ ಪಗಾರ ತಗೊಳ್ಳುವವರ ಕೈಯಿಂದ ತಿಂಗಳಿಗಿಷ್ಟು ಅಂತ ತೆಗೆದು ಹಳ್ಳಿಯ ಕೂಲಿಗೆ ಇಟ್ಟರು. ಮೂವತ್ತು ವರ್ಷದ ಮೇಲೆ, 2005ರಲ್ಲಿ ಇಡೀ ದೇಶಕ್ಕೆ ಅಂಥ ಕಾಯ್ದೆ ಬಂತು, ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿವಸ.

ಬಸವಣ್ಣನವರ ಕಾಲದಿಂದ ನಮ್ಮಲ್ಲಿ ಎರಡು ಮಾತು ಅದಾವ, ಕಾಯಕ ಮತ್ತು ದಾಸೋಹ. ಸುಕಡಿ ಹಂಚಿದ್ದು ದಾಸೋಹ, ಅದೂ ಬೇಕು. ಆದರೆ ಹಮಿ ಕೆಲಸ ಕಾಯಕ. ಅವ್ವ ಯಾರ ಮುಂದೂ ಕೈ ಚಾಚಲಿಲ್ಲ. ಮಣ್ಣು ಹಾಕಿ ಕೂಲಿ ತಗೊಂಡಳು. ನಾನು ಸಭಾದೊಳಗ ಅದಕ್ಕೇ 'ಕೂತು ತಿನ್ನೋದು' ಅಂದಿದ್ದೆ.

ಹರದೇಶಿ-ನಾಗೇಶಿ ವಾದ ಹಾಡಿದವನು ನಾನು. ಎದುರಿನ ಮೇಳದ ಮಾತು ಪೂರಾ ಕೇಳದೆ ಉತ್ತರ ಹಾಡಬಾರದು. ಹಂಗಾಗಿ ತೋಟದವರ ಮಾತೂ ಹೇಳತೀನಿ. ನಮ್ಮ ತ್ರಾಸು ಸುಳ್ಳಲ್ಲ. ಛಾಟಣಿ ಆದ ಮೇಲೆ ಒಂದು ಮಳಿ ಬಂದರೆ ಔಷಧ ಹೊಡೆದೇ ಸಾಲ ಆಗತದ. ಬೇದಾಣಿ ದರ ನಮ್ಮ ಕೈಯೊಳಗಿಲ್ಲ, ಬೇಪಾರಿ ಕೈಯೊಳಗ. ಎಲ್ಲಾ ಏರಿದ ಮೇಲೆ ನಾವು ಹಿಡಿದು ನಿಲ್ಲಿಸುವುದು ಒಂದೇ, ಆಳಿನ ಕೂಲಿ.

ಈಗ ಎದುರಿನ ಮೇಳದ ಉತ್ತರ. 2024ರಲ್ಲಿ ಮಹಾರಾಷ್ಟ್ರದ ಹಮಿ ಕೂಲಿ ದಿನಕ್ಕೆ 297 ರೂಪಾಯಿ. ನಾನು ಹೆಣ್ಣಾಳಿಗೆ ಕೊಡುತ್ತಿದ್ದದ್ದು 250. ಅಂದಮೇಲೆ ನನಗೆ ಸಿಟ್ಟು ಬಂದದ್ದು ಹಮಿ ಕೆಲಸದ ಮೇಲಲ್ಲ, ನಾನು ಕೊಡುವ ಕೂಲಿ ಕಡಿಮಿ ಅಂತ ನಾಲ್ಕು ಮಂದಿಗೆ ಗೊತ್ತಾಗತದ ಅನ್ನೋದರ ಮೇಲೆ. ಇನ್ನೊಂದು ಮಾತು. ನನ್ನ ತೋಟದ ಕೆಲಸ ವರ್ಷದೊಳಗ ನಾಲ್ಕೈದು ತಿಂಗಳು. ಉಳಿದ ತಿಂಗಳು ಆ ಅಕ್ಕ ಏನು ಉಣಬೇಕು ಅಂತ ನಾನು ಒಂದು ದಿವಸನೂ ಕೇಳಿಲ್ಲ. ಛಾಟಣಿಗೆ ಮಾತ್ರ ಬರಲಿ, ಉಳಿದಾಗ ಉಪವಾಸ ಇರಲಿ ಅನ್ನೋದು ಯಾವ ನ್ಯಾಯ?

ಮರುದಿವಸ ತಲಾವಿನ ಕಡೆ ನಡಕೊಂಡು ಹೋದೆ. ಒಡ್ಡಿನ ಮೇಲೆ ಜಾಲಿ ಬೆಳೆದಾವ, ಒಳಗ ಹೂಳು ತುಂಬೇದ. ಆದರೂ ಮಳಿ ಬಿದ್ದ ವರ್ಷ ಅದರ ಕೆಳಗಿನ ಬಾವಿಗಳಿಗೆ ನೀರು ಏರತದ. ಕೆಳಗಿನ ಮೂರನೆಯ ಬಾವಿ ನನ್ನದು. ಮ್ಹೈಸಾಳ ಯೋಜನೆಯ ಕೃಷ್ಣಾ ನೀರು ಈ ಭಾಗಕ್ಕೆ ಬರುವ ಮೊದಲು ನನ್ನ ಬಳ್ಳಿ ಬದುಕಿದ್ದು ಆ ಬಾವಿಯ ಮೇಲೆ. ಅಷ್ಟೇ ಅಲ್ಲ, 1990ರಲ್ಲಿ ಹಮಿ ಯೋಜನೆಯ ಜೋಡಿ ಹಣ್ಣಿನ ಗಿಡ ಹಚ್ಚುವ ಯೋಜನೆ ಬಂದಾಗ ನನ್ನ ಹೊಲದ ದಾಳಿಂಬರಿ ಕುಣಿ ತೋಡಿದ ಕೂಲಿಯೂ ಸರಕಾರದಿಂದಲೇ ಬಂದಿತ್ತು. ಹಮಿ ರೊಕ್ಕ ಕೂಲಿಯವರು ಎಷ್ಟು ಉಂಡರೋ ಗೊತ್ತಿಲ್ಲ, ನಾನು ಮಾತ್ರ ಹೊಟ್ಟಿತುಂಬ ಉಂಡೀನಿ. ಅವ್ವ ಹಾಕಿದ ಬುಟ್ಟಿ ಮಣ್ಣಿನ ಕೆಳಗೇ ನಿಂತು ನಾನು ಆ ಮಾತು ಆಡಿದ್ದೆ.

ಒಂದು ಕೆಲಸ ಎಷ್ಟು ಕಡೆ ಮುಟ್ಟತದ ನೋಡಿರಿ. 2024ರಲ್ಲಿ ಘರಕುಲ ಮಂಜೂರಾದವರಿಗೆ 1 ಲಕ್ಷ 20 ಸಾವಿರದ ಜೋಡಿ, ಅವರು ತಮ್ಮ ಮನಿ ಕಟ್ಟಲು ದುಡಿದ 90 ದಿವಸದ ಕೂಲಿಯೂ ಇದೇ ಖಾತ್ರಿ ಕಾಯ್ದೆಯೊಳಗ ಸಿಗತಿತ್ತು. ಕೆಲಸದ ಜಾಗಾದಾಗ ನೆರಳು, ಕುಡಿಯುವ ನೀರು, ಔಷಧ ಪೆಟ್ಟಿಗೆ ಇರಬೇಕು, ಪೆಟ್ಟಾದರೆ ಬಿಟ್ಟಿ ಉಪಚಾರ ಆಗಬೇಕು ಅಂತ 2005ರ ಕಾಯ್ದೆಯೊಳಗ ಬರೆದಿತ್ತು. ಆ ಸಾಲು ಯಾರೋ ನನಗೆ ಓದಿ ಹೇಳಿದಾಗ ಅವ್ವನ ಕಣ್ಣು ನೆನಪಾಯಿತು. 1973ರಲ್ಲಿ ಆ ಪೆಟ್ಟಿಗೆ ಒಂದು ಇದ್ದಿದ್ದರೆ!

ಎಲ್ಲಾ ಚಲೋ ಅದ ಅಂತ ನಾನು ಹೇಳೂದಿಲ್ಲ. ಕೂಲಿ ಹದಿನೈದು ದಿವಸದೊಳಗ ಬರಬೇಕು, ಬರೂದಿಲ್ಲ. ಅಳತಿ ಲೆಕ್ಕದ ಮೇಲೆ ಕೂಲಿ, ವಯಸ್ಸಾದವರಿಗೆ ಆ ಅಳತಿ ತುಂಬೂದಿಲ್ಲ. ಎಲ್ಲಕ್ಕಿಂತ ದೊಡ್ಡದು ಅರ್ಜಿ. ಬಾಯಿಲೆ ಕೇಳಿದರೆ "ಈಗ ಕೆಲಸ ಇಲ್ಲ" ಅಂತಾರ. ಬರೆದು ಕೊಟ್ಟು ತಾರೀಖು ಹಾಕಿದ ಪಾವತಿ ತಗೊಂಡರೆ ಹದಿನೈದು ದಿವಸದೊಳಗ ಕೆಲಸ ಕೊಡಬೇಕು, ಇಲ್ಲದಿದ್ದರೆ ಬೇಕಾರಿ ಭತ್ಯೆ ಕೊಡಬೇಕು. ಆದರೆ ಅರ್ಜಿ ಮರಾಠಿಯೊಳಗ, ನಮ್ಮ ಹೆಣ್ಣುಮಕ್ಕಳ ಮಾತು ಕನ್ನಡ. ಆ ಏಳೆಂಟು ಮಂದಿ ಆವತ್ತು ಬಾಯಿಲೇ ಕೇಳಿದ್ದರು. ಸಭಾ ಮುಗೀತು, ಮಾತು ಗಾಳಿಗೆ ಹೋಯಿತು.

ನಾನು ಮಾಡಿದ್ದು ಸಣ್ಣದು. ಆ ವರ್ಷದ ಛಾಟಣಿಗೆ ಕೂಲಿ 300 ಮಾಡಿದೆ. ಹತ್ತಿರದ ತೋಟದವರು ಇನ್ನೂ ಮಾರಿ ತಿರುಗಿಸಿಕೊಂಡು ಹೋಗತಾರ. ಅಕ್ಕನ ಮನಿಗೆ ಹೋಗಿ, "ಅಕ್ಕಾ, ತಪ್ಪಾತು" ಅಂದೆ. ಆಕೆ ಚಹಾ ಕೊಟ್ಟಳು. "ತಪ್ಪು ಸಭಾದಾಗ ಆಡೀದಿ ತಮ್ಮಾ, ಸಭಾದಾಗ ಹೇಳು" ಅಂದಳು. ಅದಕ್ಕೇ ಈ ಲೇಖನ.

ಕಡೀಕೆ ಗುರುಗಳಿಗೆ ಒಂದು ಕೇಳಿಕೊಳ್ಳೋದು ಅದ. ನಿಮಗ ಕನ್ನಡ, ಮರಾಠಿ ಎರಡೂ ಬರತಾವ. ಐತವಾರ ಒಂದು ತಾಸು ನಮ್ಮ ವಾಚನಾಲಯದೊಳಗ ಕುಂತು, ಕೆಲಸ ಬೇಕು ಅಂದವರ ಅರ್ಜಿ ಬರೆದು ಕೊಡಿರಿ. ಅವರನ್ನು ಕರೆದು ತರುವುದು, ಪಾವತಿ ಸಿಗುವತನಕಾ ಪಂಚಾಯತಿ ಬಾಗಿಲಿಗೆ ಅವರ ಜೋಡಿ ನಿಲ್ಲುವುದು ನನ್ನ ಕಡೆ ಇರಲಿ. ಮೊದಲನೆಯ ಅರ್ಜಿ ಆ ತಲಾವಿನ ಹೂಳು ತೆಗೆಯುವ ಕೆಲಸಕ್ಕೆ ಆಗಲಿ.