ಎರಡೇ ದಿನದಲ್ಲಿ ಮನಸ್ಸು ಕದ್ದ ಪಣಜಿ

ಪರದೇಶ ನೋಡುವ ಆಸೆ ಯಾರಿಗಿಲ್ಲ? ಹುಬ್ಬಳ್ಳಿ-ಧಾರವಾಡದವರಿಗೆ ಒಂದು ಕಾಲಕ್ಕೆ ಅದು ಮಗ್ಗುಲಲ್ಲೇ ಇತ್ತು. 1961ರ ಡಿಸೆಂಬರ್ 19ರವರೆಗೆ ಗೋವೆ ಪೋರ್ಚುಗೀಸರದು. ಕ್ಯಾಸಲ್‌ರಾಕ್ ದಾಟಿದರೆ ಸರಕಾರ ಬೇರೆ, ನಾಣ್ಯ ಬೇರೆ.

ಆ ಗೋವೆಯ ರಾಜಧಾನಿ ಪಣಜಿಗೆ ಶನಿವಾರ-ರವಿವಾರ ನಾನೂ ನಮ್ಮ ಮನೆಯವರೂ ಹೋಗಿಬಂದೆವು. ರೈಲಿನ ಕಿಟಕಿಯಿಂದಲೇ ದೂಧಸಾಗರದ ಹಾಲಿನಂಥ ಧಾರೆ ಕಂಡಿತು. ಮಡಗಾಂವದಲ್ಲಿ ಇಳಿದು ಬಸ್ಸು ಹಿಡಿದೆವು.

ಫೊಂಟೇನಾಸ್ ಎಂಬ ಹಳೇ ಓಣಿಗಳಲ್ಲಿ ನಡೆದಾಗಲೇ ನನಗೆ ಆ ಊರಿನ ಹುಚ್ಚು ಹಿಡಿಯಿತು ನೋಡಿ! ಹಳದಿ, ನೀಲಿ, ಕೆಂಪು ಗೋಡೆಗಳು, ಹಂಚಿನ ಮಾಡು, ಪುಟ್ಟ ಬಾಲ್ಕನಿಗಳು. ನಡು ಊರಲ್ಲಿ ಅಂಕುಡೊಂಕು ಮೆಟ್ಟಿಲಿನ ಬೆಳ್ಳನೆಯ ಇಗರ್ಜಿ. ಸಂಜೆಯಾದರೆ ಜನ ಅವಸರವಿಲ್ಲದೆ ಹೊಳೆದಂಡೆಗೆ ಬರುತ್ತಾರೆ.

ಆ ಹೊಳೆ ಮಾಂಡೋವಿ. ಅಂದ್ರೆ ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ! ಕಳಸಾ-ಬಂಡೂರಿ ಹಳ್ಳಗಳ ನೀರು ಮಲಪ್ರಭೆಗೆ ಬರಲಿ ಎಂದು ನಮ್ಮ ಕಡೆ ಎಷ್ಟು ಹೋರಾಟ! 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಕೊಟ್ಟಿತು. ನಳದ ನೀರಿಗೆ ದಿನಗಟ್ಟಲೆ ಕಾದು ಕೊಡ ತುಂಬಿಸಿಕೊಂಡ ನಮಗೆ ಆ ನೀರು ಬೇಕೇ ಬೇಕು.

ಪಕ್ಕದಲ್ಲಿ ಕೂತಿದ್ದ ಅಲ್ಲಿಯ ಹಿರಿಯ ಹೆಂಗಸೊಬ್ಬರು ಹರಕುಮುರುಕು ಹಿಂದಿಯಲ್ಲಿ, "ಹೊಳೆ ಸಣ್ಣದಾದರೆ ಸಮುದ್ರದ ಉಪ್ಪುನೀರು ಮೇಲಕ್ಕೆ ಬರ್ತದೆ ಬೇಟಿ, ಬಾವಿ-ಗದ್ದೆ ಕೆಡ್ತವೆ" ಎಂದರು. ನನಗೆ ಉತ್ತರ ತೋಚಲಿಲ್ಲ. ನಮ್ಮ ಕೊಡವೂ ತುಂಬಬೇಕು, ಆ ಚೆಂದದ ಊರಿನ ಹೊಳೆಯೂ ಬತ್ತಬಾರದು.

ಮಳೆ ನಿಂತ ಹೊಸತರಲ್ಲಿ ನೀವೂ ಹೋಗಿಬನ್ನಿ, ದೂಧಸಾಗರ ತುಂಬಿರುತ್ತದೆ. ಅಂಗಡಿ ಸುತ್ತುವುದು ಇದ್ದೇ ಇದೆ; ಅರ್ಧ ತಾಸು ಆ ದಂಡೆಯಲ್ಲೂ ಕೂತು ಬನ್ನಿ.