ಉಗ್ರಾಣವೂ ಅಡಿಕೋಲೂ

ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಕೊಡುವ ನಮಗೆ ಉಗ್ರಾಣದ ಮಾತೇಕೆ ಎಂದು ವಾಚಕರು ಕೇಳಿಯಾರು. ಕೇಳುವುದು ನ್ಯಾಯವೇ. ಆದರೆ ರಾಯಕೋಟೆಯಲ್ಲಿ ವಾಸಮಾಡುವವರಿಗೆ ಸರಕು ಸಾಗಾಟದ ವಿಚಾರ ಹೊಸದಲ್ಲ. ನಮ್ಮೂರಿನ ಟೊಮೇಟೊ ಮಂಡಿಯ ಗದ್ದಲವನ್ನು ಬಲ್ಲವರು ಬಲ್ಲರು. ಊರ ಬೆಟ್ಟದ ಮೇಲಿನ ಕೋಟೆಗೂ ಈ ವಿಚಾರದ ನಂಟುಂಟು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಬಳಿಯವರೆಗೂ ಹೋಗಿ, ಅರಕೆರೆಯ ಕಾಳಗದಲ್ಲಿ ಗೆದ್ದೂ, ಎತ್ತುಗಳು ಸತ್ತು ದವಸ ತೀರಿದ್ದರಿಂದ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದನು. ಅದೇ ಜುಲೈಯಲ್ಲಿ ಇಂಗ್ಲಿಷರು ಹೊಸೂರನ್ನೂ ರಾಯಕೋಟೆಯನ್ನೂ ಹಿಡಿದದ್ದು ಘಟ್ಟದ ಕೆಳಗಿನ ಸೀಮೆಯಿಂದ ದವಸ ಬರುವ ದಾರಿಯನ್ನು ತೆರೆದುಕೊಳ್ಳಲೆಂದು. ದವಸ ಎಲ್ಲಿಯೋ ಇದ್ದರೆ ಸಾಲದು. ಹೊತ್ತಿಗೆ ಬಂದು ಮುಟ್ಟಬೇಕು.

ಈ ಮಾತು ನಮಗೆ ಮತ್ತೆ ಮನದಟ್ಟಾದದ್ದು ಕಳೆದ ಯುಗಾದಿಯಂದು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಹೊಸೂರಿನಾಚೆ ಹೆದ್ದಾರಿಯ ಮಗ್ಗುಲಿನ ದೊಡ್ಡದೊಂದು ಉಗ್ರಾಣದಲ್ಲಿ ಅವನಿಗೆ ಕೆಲಸ. ಜನರು ಮನೆಯಲ್ಲಿ ಕುಳಿತು ಫೋನಿನಲ್ಲಿ ಬೇಡಿದ ಸಾಮಾನನ್ನು ಕಪಾಟಿನಿಂದ ತೆಗೆದು ಕಟ್ಟುವ ಮೇಜಿಗೆ ಮುಟ್ಟಿಸುವುದು. ಕೈಯಲ್ಲೊಂದು ಸ್ಕ್ಯಾನರ್, ಯಾವ ಸಾಲು, ಯಾವ ಕಪಾಟು, ಎಷ್ಟು ಎಂಬುದನ್ನೆಲ್ಲ ಅದೇ ತೋರಿಸುತ್ತದೆ.

“ನಡೆಯುವುದು ನಾನು ಮೇಷ್ಟ್ರೇ, ಯೋಚನೆ ಮಾಡುವುದು ಅದು” ಎಂದನು. ಒಬ್ಬಟ್ಟು ಮುರಿಯುತ್ತಿದ್ದ ನಮ್ಮ ಕೈ ನಿಂತಿತು. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗನವನು.

ಆ ಯೋಚನೆ ಮಾಡುವ ವಸ್ತುವಿನ ಹೆಸರು ವೇರ್‌ಹೌಸ್ ಎಕ್ಸಿಕ್ಯೂಷನ್ ಸಾಫ್ಟ್‌ವೇರ್ ಎಂದು ಅವನಿಂದ ತಿಳಿಯಿತು. ಹೆಸರು ಭಾರವಾದರೂ ಕೆಲಸ ನಾವು ಕಾಣದ್ದಲ್ಲ. ಮದುವೆಮನೆಯನ್ನು ನೆನೆಯಿರಿ. ಉಗ್ರಾಣದ ಬೀಗದ ಕೈ ಒಬ್ಬ ಹಿರಿಯರ ಸೊಂಟದಲ್ಲಿರುತ್ತದೆ. ಅಕ್ಕಿಯೆಷ್ಟು, ಬೆಲ್ಲವೆಷ್ಟು ಎಂಬ ಪಟ್ಟಿ ಅವರದು. ಪಂಕ್ತಿಯಲ್ಲಿ ಬಡಿಸುವ ಹುಡುಗರ ಕಾಲಿಗೆ ಬಿಡುವಿಲ್ಲ. ಇವರಿಬ್ಬರ ನಡುವೆ, ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಬಾಗಿಲಲ್ಲಿ ನಿಂತ ಇನ್ನೊಬ್ಬರು ಇರುತ್ತಾರೆ. “ಆ ಸಾಲಿಗೆ ಅನ್ನ ಬಿಡಿ, ಸಾರು ತಡೆಯಿರಿ, ಬಸ್ಸಿಗೆ ಹೋಗುವವರಿಗೆ ಮೊದಲು ಎಲೆ ಹಾಕಿ” ಎನ್ನುವವರು. ಅವರಿಲ್ಲದಿದ್ದರೆ ಉಗ್ರಾಣ ತುಂಬಿದ್ದರೂ ಎಲೆ ಬರಿದು. ನಡುವೆ ನಿಂತ ಆ ಹಿರಿಯರ ಕೆಲಸವೇ ಈ ಸಾಫ್ಟ್‌ವೇರಿನದು.

ಹಿಂದೆ ಬೇಡಿಕೆಗಳನ್ನು ಕಂತುಕಂತಾಗಿ ಬಿಡುತ್ತಿದ್ದರಂತೆ. ಮೊದಲ ಗಂಟೆ ಎಲ್ಲರೂ ಒಂದೇ ಸಾಲಿನಲ್ಲಿ ನೂಕಾಡುವುದು, ಕಟ್ಟುವವರು ಕೈಕಟ್ಟಿ ಕೂರುವುದು; ಮುಂದಿನ ಗಂಟೆ ಮೇಜಿನ ಮೇಲೆ ಸಾಮಾನಿನ ಗುಡ್ಡ. ಈಗ ಲಾರಿ ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಮೇಜು ಬಿಡುವಾಗಿದೆ, ಉರುಳುವ ಪಟ್ಟಿಯ ಮೇಲೆ ಜಾಗವುಂಟೇ ಎಂದು ನೋಡಿ ಒಂದೊಂದನ್ನೇ ಬಿಡುತ್ತದೆ. ಪಟ್ಟಿ ತುಂಬಿದರೆ ತಡೆಹಿಡಿಯುತ್ತದೆ. ಐಟಿಯವರೆಂದು ಅವನು ಕರೆಯುವ ತಂಡದವರು, ಪೆಟ್ಟಿಗೆಗಳು ಎಲ್ಲಿ ಎಷ್ಟು ಹೊತ್ತು ನಿಂತವೆಂಬ ದಾಖಲೆಯನ್ನು ನೋಡಿ ನಿಯಮಗಳನ್ನು ತಿದ್ದುತ್ತಾರೆ. ಹಬ್ಬದ ಮಾರಾಟಕ್ಕೆ ಮೊದಲು ಸುಳ್ಳು ಬೇಡಿಕೆಗಳನ್ನು ಹರಿಯಬಿಟ್ಟು ಪರೀಕ್ಷಿಸುತ್ತಾರೆ.

ಒಮ್ಮೆ ಒಂದು ಬಗೆಯ ಬಾಣಲೆಗೆ ಸದಾ ಚಿಕ್ಕ ಪೆಟ್ಟಿಗೆಯೇ ಬರತೊಡಗಿತು. ಬಾಣಲೆ ಹಿಡಿಸದು; ಕಟ್ಟುವವನು ನಿಲ್ಲಬೇಕು; ಅವನ ಹಿಂದಿನ ಸಾಲೆಲ್ಲ ನಿಲ್ಲಬೇಕು. ಐಟಿಯವರು ಎರಡು ದಿನ ನಿಯಮವನ್ನೇ ತಿರುಗಿಸಿ ಮುರುಗಿಸಿ ನೋಡಿದರು. ನಮ್ಮ ಹುಡುಗನು ಊಟದ ಹೊತ್ತಿನಲ್ಲಿ ಬಾಣಲೆಯನ್ನು ಅಳೆದನು. ಅಗಲ 12 ಅಂಗುಲ, ಎಂದರೆ 30 ಸೆಂಟಿಮೀಟರಿಗೆ ತುಸು ಹೆಚ್ಚು. ಕಂಪ್ಯೂಟರಿನ ಪಟ್ಟಿಯಲ್ಲಿ 12 ಸೆಂಟಿಮೀಟರ್ ಎಂದಿತ್ತು! ಬರೆದವರಾರೋ ಅಂಗುಲವನ್ನು ಸೆಂಟಿಮೀಟರಿನ ಮನೆಯಲ್ಲಿ ತುಂಬಿದ್ದರು. ಐಟಿ ತಂಡದ ತಮಿಳು ಹೆಣ್ಣುಮಗಳೊಬ್ಬಳು ಮಹಡಿಯಿಂದ ಇಳಿದು ಬಂದು, ಅವನ ಜೊತೆ ನೆಲದ ಮೇಲೆ ಕುಳಿತು ಇನ್ನೂ ಹಲವು ಸಾಮಾನುಗಳನ್ನು ಅಳೆದಳಂತೆ.

“ನಿನಗದು ಹೇಗೆ ಹೊಳೆಯಿತಪ್ಪ?” ಎಂದು ಕೇಳಿದೆವು.

“ಐದನೆಯ ಕ್ಲಾಸಿನಲ್ಲಿ ಸೀಮೆಸುಣ್ಣದ ಪೆಟ್ಟಿಗೆ ಅಳೆಸಿದಿರಲ್ಲ ಮೇಷ್ಟ್ರೇ. ಅಡಿಕೋಲಿನ ಯಾವ ಬದಿ ಎಂದು ನೋಡದೆ ಬರೆದು ನಾನೇ ಏಟು ತಿಂದಿದ್ದೆ.”

ಏಟು ಕೊಟ್ಟದ್ದು ನಮಗೆ ಮರೆತಿತ್ತು. ನೆನಪಾಗಿ ನಾಚಿಕೆಯೂ ಆಯಿತು.

ಎಲ್ಲವೂ ಸುಖವೆಂದು ಅವನು ಹೇಳಲಿಲ್ಲ. ರಾತ್ರಿ ಪಾಳಿಯ ನಡಿಗೆಯಿಂದ ಹಿಮ್ಮಡಿ ಬಿರಿದಿತ್ತು. ಒಂದು ಸಾಮಾನಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತಾಯಿತೆಂದು ಯಂತ್ರ ಎಣಿಸುತ್ತದೆ. 2012ರಲ್ಲಿ ಅಮೆಜಾನ್ ಕಂಪನಿಯು ಕೀವಾ ಎಂಬ ಸಂಸ್ಥೆಯನ್ನು ಕೊಂಡಿತು; ಅದರ ಯಂತ್ರಗಳು ಕಪಾಟನ್ನೇ ಹೊತ್ತು ಮನುಷ್ಯನ ಬಳಿಗೆ ತರುತ್ತವೆ. ಅಂಥದು ಬಂದರೆ ನಡಿಗೆ ಉಳಿಯುವುದೋ ಕೆಲಸವೇ ಹೋಗುವುದೋ ಎಂಬುದು ಅವನ ಚಿಂತೆ. ದಾರಿ ಹತ್ತಿರ ಮಾಡುವ ನಿಯಮವನ್ನೂ, ಉಸಿರಾಡಲು ಬಿಡದ ನಿಯಮವನ್ನೂ ಅದೇ ಸಾಫ್ಟ್‌ವೇರಿನಲ್ಲಿ ಬರೆಯಬಹುದೆಂದು ನಮಗೆ ತೋರಿತು. ಬರೆಯುವವರು ಆ ಹೆಣ್ಣುಮಗಳಂತೆ ಆಗಾಗ ಮಹಡಿ ಇಳಿದು ಬರುವವರಾಗಲಿ.

ನಮಗೂ ಉಗ್ರಾಣದ ಪಾಡೊಂದುಂಟು. ಕೆಲವು ವರ್ಷಗಳ ಹಿಂದೆ ಶಾಲೆ ತೆರೆದು ಬಹಳ ದಿನವಾದರೂ ನಮ್ಮ ಮೂರನೆಯ ತರಗತಿಗೆ ಕನ್ನಡ ಪುಸ್ತಕಗಳು ಬಂದಿರಲಿಲ್ಲ. ವಿಚಾರಿಸಿದಾಗಲೆಲ್ಲ “ದಾಸ್ತಾನಿದೆ” ಎಂಬ ಉತ್ತರ. ಕೊನೆಗೆ ನಾವೇ ಹೋಗಿ ನೋಡಿದರೆ ನಿಜವಾಗಿಯೂ ಇತ್ತು, ಬೇರೆ ಕಟ್ಟುಗಳ ಅಡಿಯಲ್ಲಿ, ಗೋಡೆಗೆ ಒತ್ತಿಕೊಂಡು. ಪಟ್ಟಿ ಸರಿಯಾಗಿತ್ತು, “ಇದನ್ನು ಈಗ ಬಿಡಿ” ಎನ್ನುವವರು ಯಾರೂ ಇರಲಿಲ್ಲ. ಕಟ್ಟನ್ನು ಹೆಗಲ ಮೇಲಿಟ್ಟು ಬಸ್ಸಿನಲ್ಲಿ ತಂದೆವು. ಅಷ್ಟರೊಳಗೆ ಇಬ್ಬರು ಮಕ್ಕಳು ಪುಸ್ತಕ ಸಿಗುವ ತಮಿಳು ಮಾಧ್ಯಮಕ್ಕೆ ಸೇರಿಯಾಗಿತ್ತು. ಅವರ ತಾಯಿತಂದೆಯರ ಮೇಲೆ ನಮಗೆ ಕೋಪವಿಲ್ಲ. ಆ ಎರಡು ಪುಸ್ತಕಗಳು ಇಂದಿಗೂ ನಮ್ಮ ಬೀರುವಿನಲ್ಲಿವೆ.

ಹುಡುಗನು ರಾತ್ರಿ ಪಾಳಿಗೆಂದು ಸಂಜೆಯ ಬಸ್ಸಿಗೆ ಹೊರಟುಹೋದನು. ಈ ವರ್ಷ ಪುಸ್ತಕದ ಕಟ್ಟುಗಳು ಬಂದ ದಿನ, ಬಿಚ್ಚುವ ಮೊದಲು ಐದನೆಯ ತರಗತಿಯವರ ಕೈಗೆ ಅಡಿಕೋಲು ಕೊಟ್ಟು ಅಳೆಯಹೇಳಿದೆವು. ಒಬ್ಬ ಹುಡುಗಿ ಅಂಗುಲದ ಬದಿಯಿಂದ ಅಳೆದು, ಮುದ್ದಾದ ಅಕ್ಷರದಲ್ಲಿ ಸೆಂಟಿಮೀಟರ್ ಎಂದು ಬರೆದು ತಂದಳು. ಏಟು ಕೊಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಬಾಣಲೆಯ ಕಥೆಯನ್ನು ಹೇಳಿದೆವು.